ಬೂಟಿನ ಲೇಸೂ ನನ್ನ ಹೊಟ್ಟೆಯೂ

ಮದುವೆಯಾದ ಮೇಲೆ ಬಹಳ ಕಾಲ ನಾನು ನನ್ನ ಬೂಟಿನ ಲೇಸನ್ನು ನಾನೇ ಕಟ್ಟಿಕೊಂಡವನಲ್ಲ. ಇದು ದೊಡ್ಡಸ್ತಿಕೆಯ ಮಾತಲ್ಲ. ನನ್ನ ಕೈಗೂ ಕಾಲಿಗೂ ನಡುವೆ ಹೊಟ್ಟೆ ಬಂದು ಕೂತಿತ್ತು, ಅಷ್ಟೇ. ಕಾಲನ್ನು ಸ್ಟೂಲಿನ ಮೇಲಿಟ್ಟು ನೋಡಿದ್ದೆ. ಹೊಟ್ಟೆಯೂ ಜೊತೆಗೇ ಬಂತು. ಲೇಸಿನ ಬೂಟಿಲ್ಲದವರನ್ನು ನಮ್ಮ ಕಾರ್ಖಾನೆಯ ಗೇಟಿನೊಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಹಲಸೂರಿನ ನಮ್ಮ ಬಾಡಿಗೆ ಮನೆಯ ಜಗಲಿಯಲ್ಲಿ, ಕಾರ್ಖಾನೆ ಬಸ್ಸು ಬರುವ ಹೊತ್ತಿಗೆ, ಹೆಂಡತಿ ಸರಸ ಕುಕ್ಕರುಗಾಲಿನಲ್ಲಿ ಕೂತು ಲೇಸು ಬಿಗಿಯುತ್ತಿದ್ದಳು. ನಾನು ಬೀದಿಯ ಕಡೆ ನೋಡುತ್ತ, ಅದು ಬೇರೆ ಯಾರದೋ ಕಾಲು ಎಂಬಂತೆ ಗಂಭೀರವಾಗಿ ನಿಂತಿರುತ್ತಿದ್ದೆ.

ಇದರಲ್ಲಿ ನಾಚಿಕೆಪಡುವಂಥದ್ದೇನೂ ನನಗೆ ಕಂಡಿರಲಿಲ್ಲ. ನಮ್ಮಲ್ಲಿ ದಪ್ಪಗಿರುವುದನ್ನು ಯಾರು ತಾನೆ ರೋಗವೆಂದು ಎಣಿಸುತ್ತಾರೆ? ಮೈಕೈ ತುಂಬಿಕೊಂಡಿದ್ದಾನೆ ಎಂದರೆ ಹೊಗಳಿಕೆ. ಅದೇ ಜ್ವರ ಬಂದು ಎದ್ದವನನ್ನು ಕಂಡರೆ, ಎಷ್ಟು ಬಡವಾಗಿಬಿಟ್ಟೆಯೋ ಎಂದು ಕಣ್ಣೀರು ತೆಗೆಯುತ್ತಾರೆ. ಸಣ್ಣಗಾಗುವುದಕ್ಕೂ ಕೈ ಬರಿದಾಗುವುದಕ್ಕೂ ಒಂದೇ ಮಾತನ್ನು ಇಟ್ಟುಕೊಂಡ ಭಾಷೆಯಲ್ಲಿ ಹುಟ್ಟಿದವನು ತೂಕ ಇಳಿಸಲು ಹೇಗೆ ಮನಸ್ಸು ಮಾಡಿಯಾನು? ದೇವರುಗಳಲ್ಲೂ ಮೊದಲ ಪೂಜೆ ಹೊಟ್ಟೆಯಿರುವವನಿಗೇ. ತೆಳು ಸೊಂಟದವರೆಲ್ಲ ಅವನ ಹಿಂದೆ ಸರದಿಯಲ್ಲಿ ನಿಲ್ಲಬೇಕು. ಇಂಥ ಬಲವಾದ ಆಧಾರಗಳು ನನ್ನ ಕಡೆಗಿದ್ದವು.

ಹೀಗಿರುವಾಗ ಸರಸ ಬಸುರಿಯಾದಳು. ಸಂತೋಷದಲ್ಲಿ ಲೇಸಿನ ಯೋಚನೆ ನನಗೆ ಹೊಳೆಯಲಿಲ್ಲ. ಹೊಳೆದದ್ದು ಅವಳಿಗೆ. ಒಂದು ಬೆಳಿಗ್ಗೆ ಗಂಟು ಬಿಗಿದು, ಗೋಡೆ ಹಿಡಿದು ಮೇಲೆದ್ದು ಹೇಳಿದಳು: "ಇನ್ನು ಸ್ವಲ್ಪ ದಿನ ಹೋದ್ರೆ ನನಗೂ ಬಗ್ಗಕ್ಕಾಗಲ್ಲ. ಒಂದೇ ಮನೇಲಿ ಇಬ್ರಿಗೂ ಬಗ್ಗಕ್ಕಾಗ್ದೇ ಇದ್ರೆ ಹೆಂಗ್ರೀ? ನನ್ನದಾದ್ರೂ ಇಳಿಯುತ್ತೆ. ನಿಮ್ಮದು?"

ಸೀಮಂತ ಮುಗಿಸಿಕೊಂಡು ಅವಳು ಬಂಗಾರಪೇಟೆಯ ತವರಿಗೆ ಹೋಗುವವಳು. ಆಮೇಲೆ ಮನೆಯಲ್ಲಿ ನನ್ನ ಜೊತೆ ಉಳಿಯುವವಳು ನಮ್ಮಮ್ಮ ಒಬ್ಬಳೇ. ಹೆತ್ತ ತಾಯಿಯ ಕೈಯಲ್ಲಿ ಬೂಟು ಮುಟ್ಟಿಸುವಷ್ಟು ಕೆಟ್ಟವನಲ್ಲ ನಾನು. ಅಷ್ಟರೊಳಗೆ ಬಗ್ಗುವುದನ್ನು ಕಲಿಯಲೇಬೇಕಿತ್ತು. ಕಲಿತೇ ಕಲಿಯುತ್ತೇನೆಂದು ಫ್ರೇಜರ್ ಟೌನಿನ ಡಾಕ್ಟರಮ್ಮನ ಹತ್ತಿರ ಹೋದೆ.

"ನೈಟ್ ಟೈಮ್ ರೈಸ್ ಬಿಟ್ಬಿಡಿ ಮಿಸ್ಟರ್. ಮಾರ್ನಿಂಗ್ ಕೆರೆ ಸುತ್ತ ನಡೀರಿ. ಬಗ್ಗಿ ಕಾಲ್ಬೆರಳು ಮುಟ್ಟೋದು ಪ್ರಾಕ್ಟೀಸ್ ಮಾಡಿ," ಎಂದರು ಆಕೆ.

ರಾತ್ರಿ ಅನ್ನ ಬಿಡುವುದೆಂದರೆ ನಮ್ಮಮ್ಮನಿಗೆ ಹೊಸದೇನಲ್ಲ, ಅದು ಒಪ್ಪತ್ತು. ಒಂದು ಹೊತ್ತು ಊಟ, ಇನ್ನೊಂದು ಹೊತ್ತು ಫಲಾಹಾರ. ಫಲಾಹಾರದಲ್ಲಿ ಫಲ ಇರಲೇಬೇಕೆಂದೇನೂ ಇಲ್ಲ. ಅನ್ನ ಇರಬಾರದು, ಉಳಿದದ್ದಕ್ಕೆಲ್ಲ ಬಾಗಿಲು ತೆರೆದಿರುತ್ತದೆ. ಸೋಮವಾರ ರಾತ್ರಿ ಊಟ ಬಿಡಿ ಎಂದು ಸರ್ಕಾರವೇ ಕೇಳಿಕೊಳ್ಳುತ್ತಿದ್ದ, ರೇಷನ್ನಿನಲ್ಲಿ ಅಕ್ಕಿಗಿಂತ ಗೋಧಿಯೇ ಮುಂದೆ ನಿಂತಿದ್ದ ಕಾಲ ಅದು. ಅಮ್ಮ ಉತ್ಸಾಹದಿಂದ ಟೊಂಕ ಕಟ್ಟಿ ನಿಂತಳು. ಒಂದು ರಾತ್ರಿ ತುಪ್ಪ ಸುರಿದ ಉಪ್ಪಿಟ್ಟು, ಮರುರಾತ್ರಿ ಚಪಾತಿ ಸಾಗು, ಅದರ ಮರುರಾತ್ರಿ ಕಾಯಿತುರಿ ಹಾಕಿದ ಅವಲಕ್ಕಿ. ಅವಲಕ್ಕಿ ಅಕ್ಕಿಯ ಖಾಸಾ ತಮ್ಮನೆಂಬ ವಿಷಯವನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಮಗ ಉಪವಾಸವಿದ್ದಾನಲ್ಲ ಎಂಬ ಮರುಕಕ್ಕೆ ಮೇಲೊಂದು ಲೋಟ ಗಟ್ಟಿ ಹಾಲು. ಪಕ್ಕದ ಮನೆಯವರು ಊಟವಾಯಿತೇ ಎಂದರೆ, "ಎಲ್ಲಿ ಊಟ? ಅನ್ನ ಕಣ್ಣಲ್ಲಿ ನೋಡಿ ಎಷ್ಟೋ ದಿನ ಆಯ್ತು," ಎಂದು ನಾನು ತೇಗುತ್ತ ಹೇಳುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆಂಬ ಅನುಮಾನ ದೇವರಾಣೆಗೂ ಇರಲಿಲ್ಲ.

ಬೆಳಗಿನ ನಡಿಗೆಗೆ ನಮ್ಮ ಸೆಕ್ಷನ್ನಿನ ಗೆಳೆಯ ಬಷೀರ್ ಜೊತೆಗೆ ಬರುತ್ತಿದ್ದ. ಹಲಸೂರು ಕೆರೆಯ ಏರಿಯ ಮೇಲೆ ನಾನು ಉಸಿರು ಬಿಗಿಹಿಡಿದು ಬಗ್ಗುವುದನ್ನು ಅವನು ಸೈಕಲ್ಲಿಗೆ ಒರಗಿ ನೋಡುತ್ತಿದ್ದ. "ಬೆರಳು ಮುಟ್ಟೋದು ಆಮೇಲೆ ಗುರು. ಮೊದ್ಲು ಮಂಡಿ ಕಾಣಿಸ್ತಾ ಹೇಳು," ಎನ್ನುತ್ತಿದ್ದ. ಅವನ ಮಾತಿಗೆ ನಾನು ಕುಗ್ಗಲಿಲ್ಲ. ಒಂದು ಭಾನುವಾರ ದಂಡು ರೈಲು ಸ್ಟೇಷನ್ನಿನ ತೂಕದ ಯಂತ್ರದ ಮೇಲೆ ಧೈರ್ಯವಾಗಿ ಹತ್ತಿ ನಿಂತೆ. ಹೊರಬಿದ್ದ ಚೀಟಿಯ ಪ್ರಕಾರ ನನ್ನ ತೂಕ ಏರಿತ್ತು. ಅದರ ಬೆನ್ನಿಗೆ ಅಚ್ಚಾಗಿದ್ದ ಭವಿಷ್ಯ ಮಾತ್ರ, ನಿಮ್ಮ ಪ್ರಯತ್ನ ಫಲಿಸುತ್ತಿದೆ ಎನ್ನುತ್ತಿತ್ತು.

ಡಾಕ್ಟರಮ್ಮ ಚೀಟಿ ನೋಡಿ ಕೇಳಿದರು: "ನೈಟ್ ಏನ್ ತಗೋತೀರಿ?"

"ಏನೂ ಇಲ್ಲ ಡಾಕ್ಟ್ರೇ. ಬರೀ ಉಪ್ಪಿಟ್ಟು."

"ಎಷ್ಟು?"

ಕೈಯಲ್ಲಿ ಅಳತೆ ತೋರಿಸಿದೆ. ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅನ್ನಾನೇ ತಿನ್ನಿ ಮಿಸ್ಟರ್. ಈಗ ತೋರಿಸಿದ್ರಲ್ಲ, ಅದ್ರಲ್ಲಿ ಕಾಲು ಭಾಗ ತಿನ್ನಿ. ಸಾಕು."

ಆ ರಾತ್ರಿಯಿಂದ ಒಂದು ಹಿಡಿ ಅನ್ನ, ಒಂದು ಬಟ್ಟಲು ಸೊಪ್ಪು. ಅಮ್ಮನಿಗೆ ಇದು ಅರ್ಥವೇ ಆಗಲಿಲ್ಲ. ಒಪ್ಪತ್ತಿಗೆ ಪುಣ್ಯವಾದರೂ ಇತ್ತು, ಇದಕ್ಕೇನಿದೆ ಎಂದು ಮುಖ ತಿರುಗಿಸಿದಳು. ಮೊದಲ ರಾತ್ರಿಗಳಲ್ಲಿ ಹಸಿವಿಗೆ ನಿದ್ದೆ ಹತ್ತಲಿಲ್ಲ. ಸರಸ ಪಕ್ಕದಲ್ಲಿ ಮಗ್ಗುಲು ಬದಲಿಸಲಾರದೆ ನರಳುವುದು ಕೇಳಿಸುತ್ತಿತ್ತು. ಆ ನರಳಿಕೆಯಲ್ಲಿ ನಿತ್ಯ ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಏಳುತ್ತಿದ್ದುದರ ನೋವೂ ಸೇರಿರಬಹುದೆಂದು ಮೊದಲ ಸಲ ಅನ್ನಿಸಿತು.

ಮರುದಿನದಿಂದ ಅವಳನ್ನು ಬೂಟಿನ ಹತ್ತಿರ ಬಿಡಲಿಲ್ಲ. ಲೇಸನ್ನು ಕಾಲುಚೀಲದೊಳಗೆ ತುರುಕಿಕೊಂಡು ಬಸ್ಸು ಹತ್ತಿದೆ. ಕೆಲವು ವಾರಗಳಲ್ಲಿ ಕೆರೆ ಏರಿಯ ಮೇಲೆ ಬಗ್ಗಿದಾಗ ಮಂಡಿ ಕಂಡಿತು. ಆಮೇಲೆ ಕಣಕಾಲಿಗೆ ಬೆರಳು ತಾಗಿತು. ಆದರೆ ಗಂಟು ಹಾಕುವಷ್ಟು ಹೊತ್ತು ಅಲ್ಲಿ ತಡೆಯಲು ಉಸಿರು ಸಾಲುತ್ತಿರಲಿಲ್ಲ. ಸೀಮಂತ ಬಂದೇಬಿಟ್ಟಿತು. ಲೇಸು ಇನ್ನೂ ಕಾಲುಚೀಲದೊಳಗೇ ಇತ್ತು.

ಸರಸಳನ್ನು ಕಳಿಸಲು ದಂಡು ಸ್ಟೇಷನ್ನಿಗೆ ಹೋದೆವು. ಕರೆದೊಯ್ಯಲು ಅವಳ ತಾಯಿ ಬಂದಿದ್ದರು, ಅಮ್ಮನೂ ಜೊತೆಗಿದ್ದಳು. ಪ್ಲಾಟ್‌ಫಾರ್ಮಿನಲ್ಲಿ ಜನವೋ ಜನ. ರೈಲು ಬರುವಷ್ಟರಲ್ಲಿ ಸರಸಳ ಊದಿದ ಕಾಲಿನ ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡಿತು. ಅವಳು ಕೆಳಗೆ ನೋಡಿದಳು. ಅವಳಿಗೆ ಕಾಲು ಕಾಣಿಸುವಂತಿರಲಿಲ್ಲ. ಆ ಅವಸ್ಥೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೈಲಿದ್ದ ಟ್ರಂಕು ಇಳಿಸಿ, ಬಗ್ಗಿ, ಪಟ್ಟಿಯನ್ನು ಬಕಲಿಗೆ ಸೇರಿಸಿ, ತೂತು ಹುಡುಕಿ, ನಿಧಾನವಾಗಿ ಸಿಕ್ಕಿಸಿದೆ.

"ಜನ ನೋಡ್ತಿದಾರೆ ಕಣೋ," ಎಂದಳು ಅಮ್ಮ ಮೇಲಿನಿಂದ. ಅತ್ತೆಯವರು ರೈಲು ಬರುವ ದಿಕ್ಕನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಎದ್ದು ನಿಂತ ಮೇಲಷ್ಟೇ ಹೊಳೆಯಿತು, ನನಗೆ ಉಸಿರು ಕಟ್ಟಿರಲೇ ಇಲ್ಲ. ಸರಸಳಿಗೆ ಅದು ನನಗಿಂತ ಮೊದಲೇ ಗೊತ್ತಾಗಿತ್ತು. ತುಟಿಯಲ್ಲಿ ನಗು ತಡೆದುಕೊಂಡು, "ಇನ್ನೊಂದು ಕಾಲಿಂದೂ ಸಡಿಲ ಆಗಿದೆ ಅನ್ಸುತ್ತೆ, ನೋಡ್ರೀ," ಎಂದಳು.

ಬಗ್ಗಿ ನೋಡಿದೆ. ಬಿಗಿಯಾಗಿಯೇ ಇತ್ತು. ಬಿಚ್ಚಿ, ಮತ್ತೆ ಹಾಕಿದೆ.