ನಾಲ್ಕನೆಯ ಗುಂಡಿ

“ಇನ್ನೊಂದ್ ಗೇಣು ತೋಡೋ ಲೇ,” ಎಂದರು ಕಟ್ಟಡದ ಕೆಲಸದ ಗೌಂಡಿ ಕಾಕಾ, ಮೇಲೆ ಕೂತು. ಎದೆಯುದ್ದದ ಗುಂಡಿಯಲ್ಲಿ ನಿಂತಿದ್ದವನು ನಾನು.

ಕೊಟ್ಟೂರು ರಸ್ತೆಯ ನಮ್ಮ ಎರೆಹೊಲದಲ್ಲಿ ನಾಲ್ಕು ಕಂಬದ ಮೇಲೊಂದು ಪಂಚರ್ ಅಂಗಡಿ ಕಟ್ಟುತ್ತಿದ್ದೆ. ಮೊದಲು ನಾನೇ ಕಟ್ಟಿದ್ದು ಒಂದೇ ಮಳೆಗೆ ವಾಲಿತ್ತು. ಇದೂ ವಾಲಿದರೆ ಮತ್ತೆ ಇನ್ನೊಬ್ಬರ ಗ್ಯಾರೇಜಿನಲ್ಲಿ ಕೂಲಿ.

ಗೌಂಡಿ ಮಹಾಜ್ಞಾನಿ, ಟೇಪು ಮುಟ್ಟುತ್ತಿರಲಿಲ್ಲ. ಗುಂಡಿಗೆ ಹಾರೆ ಬಿಟ್ಟು, ಮಳೆಗೆ ಸಡಿಲಾಗುವ ಎರೆಮಣ್ಣಿನ ಕೆಳಗಿನ ಗಟ್ಟಿ ಗರಸುನೆಲ ‘ಖಣ್’ ಎನ್ನುತ್ತದೆಯೇ ಎಂದು ಕಿವಿಗೊಡುವುದೇ ಅವರ ಎಂಜಿನಿಯರಿಂಗ್. ಅನ್ನದಿದ್ದರೆ “ಇನ್ನೊಂದ್ ಗೇಣು.” ತೋಡುವ ಭಾಗ್ಯ ನನ್ನದು.

ಮೂರು ಗುಂಡಿಗಳಲ್ಲಿ ಗರಸು ಸಿಕ್ಕಿತ್ತು. ಈ ನಾಲ್ಕನೆಯದರಲ್ಲಿ ಬರೀ ಎರೆಮಣ್ಣು. ಬೇಸತ್ತು ಮೇಲೆ ಬಂದೆ.

“ಮೂರು ಗಟ್ಟಿ ಅದಾವಲ್ರಿ ಕಾಕಾ. ಇದಕ್ಕೊಂದು ಕಲ್ಲು ಹಾಕಿ ಮುಚ್ಚೋಣು.”

ಅವರು ರುಮಾಲು ಬಿಚ್ಚಿಟ್ಟು, ಗುಂಡಿಗಿಳಿದು ಕೂತೇಬಿಟ್ಟರು. “ಕಲ್ಲು ಯಾಕಲೇ? ನನ್ ತಲಿ ಮ್ಯಾಲ ಕಂಬ ನಿಲ್ಸು. ಮಳಿ ಬಂದ್ರ ನಾನೇ ಹಿಡ್ಕೊಂತೀನಿ.”

“ಏಳ್ರಿ ಕಾಕಾ, ರಸ್ತೇದಾಗ ಮಂದಿ ನೋಡಾಕತ್ತಾರ.”

“ನೋಡ್ಲಿ. ಅಂಗಡಿ ವಾಲಿದಾಗ ನೋಡಿ ನಕ್ಕಿದ್ದೂ ಅವರೇ ಅಲ್ಲೇನು?”

ಕೈಕೊಟ್ಟು ಎತ್ತಿದೆ. ಬೈಯುತ್ತಲೇ ತೋಡಿದೆ. ಇನ್ನೆರಡು ಮೊಳ ಇಳಿದ ಮೇಲೆ ಗರಸು ಸಿಕ್ಕಿತು. ಕಾಕಾ ಹೊಗಳಲಿಲ್ಲ, ಚಹಾ ಕೇಳಿದರು. ಆಮೇಲೆ ಮಳೆ ಬಂದು ಹೋಯಿತು, ಅಂಗಡಿ ನೆಟ್ಟಗಿದೆ.