ಹಲ್ಲಿನ ಮೇಲಿನ ಕೆಂಪು ಗುರುತು

ಕಳೆದ ವಾರ ಶಿಡ್ಲಘಟ್ಟದ ಗ್ಯಾರೇಜೊಂದರಲ್ಲಿ ಕಾರಿನ ಟೈರು ಬದಲಿಸಲು ಕೊಟ್ಟು ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ರೇಷ್ಮೆಗೂಡು ಸಾಗಿಸುವ ಟೆಂಪೋ ಒಂದರ ಹಿಂದಿನ ಆಕ್ಸಲ್ ಬಿಚ್ಚಿ, ಹಳೆಯ ಗೇರ್ ಆಯಿಲನ್ನು ತಟ್ಟೆಗೆ ಇಳಿಸುತ್ತಿದ್ದರು. ಆ ವಾಸನೆ ಪಟಾಕಿ ಮದ್ದಿನದೂ ಅಲ್ಲ, ಕೊಳೆತ ಮೊಟ್ಟೆಯದೂ ಅಲ್ಲ, ಎರಡೂ ಸೇರಿದ ಹಾಗೆ... ನನ್ನ ಎಡಗೈ ತಾನಾಗಿಯೇ ಹೋಗಿ ಬಲ ಹೆಗಲಿನ ಮೂಳೆಯನ್ನು ಮುಟ್ಟಿ ನೋಡಿತು. ಚಿಂತಾಮಣಿಯ ಚಾಚಾ ನೆನಪಾದರು.

ಚಿಂತಾಮಣಿಯ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವರ ಅಂಗಡಿ ಇತ್ತು. ಎಂಜಿನ್ನಾಗಲಿ ಬ್ರೇಕಾಗಲಿ ಅವರು ಮುಟ್ಟುತ್ತಿರಲಿಲ್ಲ. ಹಿಂದಿನ ಆಕ್ಸಲ್‌ನ ಒಳಗೆ ಎರಡು ಹಲ್ಲಿನ ಚಕ್ರಗಳಿರುತ್ತವೆ. ದೊಡ್ಡದು ಕ್ರೌನು, ಚಿಕ್ಕದು ಪಿನಿಯನ್ನು. ಅವೆರಡನ್ನು ಒಂದಕ್ಕೊಂದು ಸರಿಯಾಗಿ ಕೂರಿಸುವುದಷ್ಟೇ ಅವರ ಕೆಲಸ. ಅಷ್ಟಕ್ಕೇ ಮದನಪಲ್ಲಿಯಿಂದಲೂ ಜೀಪು, ಟ್ರ್ಯಾಕ್ಟರುಗಳು ಬರುತ್ತಿದ್ದವು. ಅಂಗಡಿಯಲ್ಲಿ ಪ್ರತಿ ಸ್ಪ್ಯಾನರಿಗೂ ಅದರದೇ ಮೊಳೆ. ಯಾರಾದರೂ ಜಾಗ ತಪ್ಪಿಸಿ ಇಟ್ಟರೆ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು.

ಆಗ ನನಗೆ ಇಪ್ಪತ್ತಾರು. ಡಿಪ್ಲೊಮಾ ಮುಗಿಸಿ ಗೌರಿಬಿದನೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೆ. ದಿನಾ ಮಂಚೇನಹಳ್ಳಿಯಿಂದ ಓಡಾಟ. ಕೂಡಿಟ್ಟ ಸಂಬಳದಲ್ಲಿ ಒಂದು ಹಳೆಯ ಕಾರು ಕೊಂಡಿದ್ದೆ, ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಕ್ಕೇ ಹೋಗುವಂಥದ್ದು. ಅದರ ಎಂಜಿನ್ ಬದಲಿಸಿ, ಸೀಟು ಕಿತ್ತು ಹಗುರ ಮಾಡಿ, ಬಯಲಿನಲ್ಲಿ ನಡೆಯುವ ಮಣ್ಣಿನ ಓಟಗಳಿಗೆ ಹೋಗುತ್ತಿದ್ದೆ. ಅಪ್ಪ ಬೈಯುತ್ತಿದ್ದರು, ಓಟದ ದಿನ ಬಂದು ನಿಲ್ಲುತ್ತಲೂ ಇದ್ದರು.

"ಚಾಚಾ, ನಂಗೆ ಮೂವತ್ತೊಂಬತ್ತಕ್ಕೆ ಎಂಟು ಬೇಕು," ಎಂದೆ. ಕ್ರೌನಿಗೆ ಮೂವತ್ತೊಂಬತ್ತು ಹಲ್ಲು, ಪಿನಿಯನ್ನಿಗೆ ಎಂಟು ಎಂದರ್ಥ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಬರುವ ಸಂಖ್ಯೆ ದೊಡ್ಡದಾದಷ್ಟೂ ಗಾಡಿ ನಿಂತಲ್ಲಿಂದ ಚಿಮ್ಮುತ್ತದೆ. ಆದರೆ ಅಷ್ಟೇ ಬೇಗ ಏದುಸಿರು ಬಿಡುತ್ತದೆ, ಮತ್ತೆ ಮತ್ತೆ ಗೇರು ಬದಲಿಸಬೇಕಾಗುತ್ತದೆ.

"ಹೊಲ ಉಳಕ್ಕೆ ಹೋಗ್ತೀಯೇನಮ್ಮ? ಉದ್ದನೆ ದಾರಿ ಎಷ್ಟಿದೆ ಅಲ್ಲಿ?"

"ಮುನ್ನೂರು ಮೀಟರ್. ಆಮೇಲೆ ಎಡಕ್ಕೆ ತಿರುವು."

"ಹಂಗಾದ್ರೆ ತಿರುವಿನ ಬಾಯಲ್ಲೇ ನಿನ್ನ ಮೂರನೇ ಗೇರು ಮುಗಿದೋಗ್ತದೆ. ನಾಲ್ಕಕ್ಕೆ ಹಾಕಕ್ಕೆ ಒಂದು ಕೈ ಬೇಕು. ಆಗ ಸ್ಟೇರಿಂಗ್ ಯಾರು ಹಿಡೀತಾರೆ, ನಾನಾ? ನಲವತ್ತಮೂರಕ್ಕೆ ಹತ್ತು ಹಾಕ್ಸು. ಹೊರಡೋವಾಗ ಸ್ವಲ್ಪ ಸೋಮಾರಿ ಅನ್ನಿಸ್ತದೆ, ಆದ್ರೆ ಮೂರರಲ್ಲೇ ತಿರುವು ದಾಟ್ತೀಯ."

ನಾನು ಕೇಳಲಿಲ್ಲ. ಡಿಪ್ಲೊಮಾ ಓದಿದ ಗರ್ವ. ಅವರು ಮರುಮಾತಾಡದೆ ನಾನು ಕೇಳಿದ್ದನ್ನೇ ಕೂರಿಸಿಕೊಟ್ಟರು.

ಕೊನೆಗೆ ಒಂದು ಪರೀಕ್ಷೆ ಇರುತ್ತದೆ. ಕ್ರೌನಿನ ಹಲ್ಲುಗಳಿಗೆ ಎಣ್ಣೆಯಲ್ಲಿ ಕಲಸಿದ ಕೆಂಪು ಬಣ್ಣ ಹಚ್ಚಿ ತಿರುಗಿಸುತ್ತಾರೆ. ಪಿನಿಯನ್ನು ಒತ್ತಿದ ಕಡೆ ಬಣ್ಣ ಅಳಿಸಿ ಗುರುತು ಬೀಳುತ್ತದೆ. ಗುರುತು ಹಲ್ಲಿನ ನಡುವೆ ಇದ್ದರೆ ಸರಿ. ಅಂಚಿಗೆ ಹೋಗಿದ್ದರೆ ಎಲ್ಲ ಬಿಚ್ಚಿ, ತೆಳುವಾದ ವಾಷರುಗಳನ್ನು ಬದಲಿಸಿ, ಮತ್ತೆ ಕೂರಿಸಬೇಕು. ಅರ್ಧ ದಿನದ ಕೆಲಸ. ಆ ಗುರುತನ್ನು ಚಾಚಾ ಯಾವಾಗಲೂ ಗಾಡಿಯವರಿಂದಲೇ ನೋಡಿಸುತ್ತಿದ್ದರು. "ನಿನ್ನ ಗಾಡಿ, ನೀನೇ ನೋಡು. ಎಲ್ಲಿ ಬಿದ್ದಿದೆ ಹೇಳು." ಅದು ಅವರು ಕಲಿಸುವ ರೀತಿ ಎಂದುಕೊಂಡಿದ್ದೆ. ನನ್ನನ್ನು ಸರಿಸಮಳಂತೆ ಕಾಣುತ್ತಾರೆ ಎಂದು ಹೆಮ್ಮೆ ಪಟ್ಟಿದ್ದೆ. ಆ ಸಲ ಗುರುತು ನಡುವೆಯೇ ಬಿದ್ದಿತ್ತು.

ಅಭ್ಯಾಸದ ದಿನ ಅವರು ಹೇಳಿದಂತೆಯೇ ಆಯಿತು. ತಿರುವಿನ ಬಾಯಿಗೆ ಬರುವಷ್ಟರಲ್ಲಿ ಎಂಜಿನ್ ಕಿರುಚಿಕೊಂಡಿತು. ಒಂದು ಕೈ ಗೇರಿನ ಮೇಲೆ, ಗಾಡಿ ಅಡ್ಡಡ್ಡ. ಓಟಕ್ಕೆ ಒಂದೇ ದಿನ ಇದ್ದಾಗ ತಲೆ ತಗ್ಗಿಸಿಕೊಂಡು ಚಿಂತಾಮಣಿಗೆ ಹೋದೆ. "ರಾ ಅಮ್ಮಾ, ಕೂರು," ಎಂದರು ಅಷ್ಟೆ. ಕಪಾಟಿನಿಂದ ಕ್ರೌನು, ಪಿನಿಯನ್ನುಗಳ ಜೋಡಿಯೊಂದನ್ನು ತೆಗೆದು, ಹೆಬ್ಬೆರಳಿನಿಂದ ಪಿನಿಯನ್ನಿನ ಹಲ್ಲುಗಳನ್ನು ಸವರುತ್ತ ಹತ್ತರವರೆಗೆ ಎಣಿಸಿ, ಕೆಲಸಕ್ಕೆ ಇಳಿದರು.

ಮುಗಿದಾಗ ಸಂಜೆ ನಾಲ್ಕು ಗಂಟೆ. ಆರರೊಳಗೆ ಗಾಡಿಯನ್ನು ಗೌರಿಬಿದನೂರಿನ ಬಯಲಿನಲ್ಲಿ ತಪಾಸಣೆಗೆ ನಿಲ್ಲಿಸದಿದ್ದರೆ ಓಟದಿಂದ ಹೆಸರು ತೆಗೆಯುತ್ತಿದ್ದರು. ಚಾಚಾ ಬಣ್ಣ ಹಚ್ಚಿ ತಿರುಗಿಸಿ ಕೇಳಿದರು, "ಎಲ್ಲಿ ಬಿದ್ದಿದೆಯಮ್ಮ?"

ಬಗ್ಗಿ ನೋಡಿದೆ. ಗುರುತು ಹೊರಗಿನ ಅಂಚಿಗೆ ಸರಿದಿತ್ತು. ತುಂಬ ಅಲ್ಲ, ಆದರೆ ಸರಿದಿತ್ತು.

"ನಡುವೇ ಇದೆ ಚಾಚಾ."

"ಸರಿಯಾಗಿ ನೋಡ್ದ್ಯಾ?"

"ನೋಡ್ದೆ."

ಒಂದು ದಿನದ ಓಟ ತಾನೆ, ತಡೆಯುತ್ತದೆ ಎಂದುಕೊಂಡಿದ್ದೆ... ಅವರೂ ಒಮ್ಮೆ ಬಗ್ಗಿ ನೋಡದೆ ಆಕ್ಸಲ್‌ನ ಮುಚ್ಚಳ ಹಾಕಿದ್ದು ಆ ಅವಸರದಲ್ಲಿ ನನಗೆ ವಿಚಿತ್ರ ಅನ್ನಿಸಲಿಲ್ಲ.

ಮರುದಿನ ಮೊದಲ ಎರಡು ಸುತ್ತುಗಳಲ್ಲಿ ನಲವತ್ತಮೂರಕ್ಕೆ ಹತ್ತರ ರುಚಿ ಗೊತ್ತಾಯಿತು. ಎರಡೂ ಕೈ ಸ್ಟೇರಿಂಗಿನ ಮೇಲೆ, ಮೂರನೇ ಗೇರಿನಲ್ಲೇ ಗಾಡಿ ನೀರು ಹರಿದಂತೆ ತಿರುವು ದಾಟಿತು. ನಾನೇ ಮುಂದಿದ್ದೆ. ಮೂರನೇ ಸುತ್ತಿನಲ್ಲಿ ಅದೇ ತಿರುವಿನಲ್ಲಿ ಹಿಂದಿನಿಂದ ಸುತ್ತಿಗೆಯಿಂದ ಹೊಡೆದಂಥ ಸದ್ದಾಯಿತು. ಹಲ್ಲು ಮುರಿದು, ಚೂರು ನಡುವೆ ಸಿಕ್ಕಿ, ಹಿಂದಿನ ಚಕ್ರಗಳೆರಡೂ ಒಮ್ಮೆಲೇ ಕಚ್ಚಿ ನಿಂತಿದ್ದವು. ಗಾಡಿ ಎರಡು ಪಲ್ಟಿ ಹೊಡೆದು ಮಣ್ಣಿನ ದಿಬ್ಬದ ಮೇಲೆ ತಲೆಕೆಳಗಾಗಿ ಬಿತ್ತು. ಬೆಲ್ಟಿಗೆ ನೇತಾಡುತ್ತ ಕಣ್ಣು ಬಿಟ್ಟಾಗ ಹತ್ತಡಿ ದೂರದಲ್ಲಿ ಕಡಲೆಕಾಯಿ ಮಾರುವ ಹೆಂಗಸೊಬ್ಬಳು ಕಂಡಳು. ಬುಟ್ಟಿಯನ್ನು ಎದೆಗವಚಿಕೊಂಡು, ಬಾಯಿ ತೆರೆದು, ಕಲ್ಲಿನಂತೆ ನಿಂತಿದ್ದಳು. ಗಾಡಿ ಇನ್ನೊಂದು ಪಲ್ಟಿ ಹೊಡೆದಿದ್ದರೆ...

ಹೆಗಲ ಮೂಳೆಯೂ ಮಣಿಕಟ್ಟೂ ಮುರಿದಿದ್ದವು. ಮೂರನೇ ದಿನ ಆಸ್ಪತ್ರೆಗೆ ಚಾಚಾ ಬಂದರು, ಹೆಂಡತಿಯ ಜೊತೆ. ಅಂಗಡಿಯ ಹೊರಗೆ ನಾನು ಅವರನ್ನು ನೋಡಿದ್ದು ಅದೇ ಮೊದಲು. ಚಾಚಿ ಅವರ ಮುಂಗೈ ಹಿಡಿದು ಕರೆತರುತ್ತಿದ್ದರು. ಬಾಗಿಲು ದಾಟಿದ ಚಾಚಾ, ಎದುರಿನ ಖಾಲಿ ಮಂಚಕ್ಕೆ ಮುಖ ಮಾಡಿ, "ಹೆಂಗಿದ್ದೀಯಮ್ಮ?" ಎಂದರು.

ನಾನಿದ್ದದ್ದು ಎಡಗಡೆ, ಎರಡೇ ಹೆಜ್ಜೆ ದೂರದಲ್ಲಿ.

ಉತ್ತರ ಬಾರದೆ ಅವರು ಕೈ ಮುಂದೆ ಚಾಚಿ ಗಾಳಿಯಲ್ಲಿ ತಡಕಿದರು. ಚಾಚಿ ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು. "ಸಕ್ಕರೆ ಕಾಯಿಲೆ ಕಣ್ಣಿಗೆ ಇಳೀತಮ್ಮ. ಎರಡು ವರ್ಷದಿಂದ ಬೆಳಕು, ನೆರಳು ಅಷ್ಟೇ ಗೊತ್ತಾಗೋದು. ಯಾರಿಗೂ ಹೇಳ್ಬೇಡ, ಗಿರಾಕಿಗಳು ಬರಲ್ಲ."

ಎರಡು ವರ್ಷ. ಅವರು ನನಗೆ ಕಲಿಸುತ್ತಿರಲಿಲ್ಲ. ಕಾಣದ ಗುರುತನ್ನು ನನ್ನ ಕಣ್ಣಿನಿಂದ ನೋಡುತ್ತಿದ್ದರು.

ಚಾಚಾ ಸ್ಟೂಲು ತಡವಿ ಕೂತು ಮೆಲ್ಲಗೆ ಹೇಳಿದರು. "ಗಾಡಿ ಬಿಚ್ಚಿಸಿ, ಮುರಿದ ಗೇರು ಮುಟ್ಟಿ ನೋಡ್ದೆ. ಹಲ್ಲು ಹೊರಗಿನ ಅಂಚಲ್ಲೇ ಹೋಗಿದೆಯಮ್ಮ." ಗುರುತು ಎಲ್ಲಿ ಬಿದ್ದಿತ್ತೆಂಬುದು ಅವರ ಬೆರಳಿಗೆ ಗೊತ್ತಾಗಿತ್ತು.

ಆಗ ಅಪ್ಪ ಒಳಗೆ ಬಂದರು. ಬಂದವರೇ, "ನನ್ನ ಮಗಳನ್ನ ಸಾಯಿಸ್ಬಿಡ್ತಿದ್ದೆಯಲ್ಲಯ್ಯ! ಏನು ಕೆಲಸ ಮಾಡಿದ್ದು ನೀನು?" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದರು. ಚಾಚಾ ಎದ್ದು ನಿಂತು, ದನಿ ಬಂದ ಕಡೆಗೆ ಕೈ ಮುಗಿದರು. "ಗೇರು ಕೂರಿಸಿದ್ದು ನಾನು ಸ್ವಾಮಿ. ತಪ್ಪು ನಂದೇ."

ನಾನು ಸುಮ್ಮನಿದ್ದೆ. ನಿಜ ಹೇಳಿದರೆ ಅವರಿಗೆ ಕಣ್ಣು ಕಾಣದ್ದನ್ನೂ ಹೇಳಬೇಕಾಗುತ್ತದೆ, ಅವರ ಅನ್ನ ಹೋಗುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅದು ನೆಪ. "ನೋಡಿದ್ದು ನಾನು, ಸುಳ್ಳು ಹೇಳಿದ್ದೂ ನಾನು" ಎನ್ನಲು ಅವರ ಕಣ್ಣಿನ ಸುದ್ದಿ ಬೇಕಿರಲಿಲ್ಲ. ಅವರು ಬಾಗಿಲ ಚೌಕಟ್ಟು ತಡವಿಕೊಂಡು ಹೊರಗೆ ಹೋಗುವವರೆಗೂ ನನ್ನ ಬಾಯಿ ತೆರೆಯಲಿಲ್ಲ.

ಅಪ್ಪ ಕಂಡಕಂಡವರಿಗೆಲ್ಲ ಹೇಳಿದರು. ಪಟ್ಟಿ ಬಿಚ್ಚಿಸಿಕೊಂಡು ಮೂರು ತಿಂಗಳ ಮೇಲೆ ಚಿಂತಾಮಣಿಗೆ ಹೋದಾಗ ಅಂಗಡಿ ಮುಚ್ಚಿತ್ತು. ಚಾಚಿಯ ತವರು ಮದನಪಲ್ಲಿಗೆ ಹೊರಟುಹೋದರು ಎಂದು ಅಕ್ಕಪಕ್ಕದವರು ಹೇಳಿದರು. ಎರಡು ಗಂಟೆಯ ದಾರಿಯೂ ಅಲ್ಲ. ನಾನು ಹೋಗಲಿಲ್ಲ. ಮುಂದಿನ ತಿಂಗಳು, ಮುಂದಿನ ವರ್ಷ ಎನ್ನುತ್ತ... ಮತ್ತೆ ಓಟಕ್ಕೂ ಇಳಿಯಲಿಲ್ಲ.

ಕಳೆದ ವಾರ ಶಿಡ್ಲಘಟ್ಟದಿಂದ ಮನೆಗೆ ಹೊರಟವಳು ಚಿಂತಾಮಣಿಯ ರಸ್ತೆ ಹಿಡಿದೆ. ಅಂಗಡಿಯಿದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ. ಎದುರಿನ ಟೀ ಅಂಗಡಿಯವನು ಮಾತ್ರ ಹಳಬ. ಚಾಚಾ ಬಗ್ಗೆ ಅವನನ್ನು ಕೇಳಿದೆ.

"ತೀರ್ಹೋದ್ರಲ್ಲಮ್ಮ, ನಾಲ್ಕು ವರ್ಷ ಆಯ್ತು. ಬಂಗಾರದಂಥ ಕೆಲಸಗಾರ. ಕೊನೇಲಿ ಯಾವುದೋ ಹುಡುಗಿ ಕಾರಿಗೆ ಗೇರು ತಪ್ಪು ಕೂರ್ಸಿ ಹೆಸರು ಕೆಡಿಸ್ಕೊಂಡ್ರು."

"ಅವರು ತಪ್ಪು ಮಾಡ್ಲಿಲ್ಲ," ಎಂದೆ. "ಆ ಹುಡುಗಿ ನಾನೇ. ಅವರು ಕೇಳಿದ್ರು, ನಾನು ಸುಳ್ಳು ಹೇಳ್ದೆ."

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. "ಹೌದಾ ಅಮ್ಮ?" ಎಂದ. ಅಷ್ಟರಲ್ಲಿ ಬಸ್ಸಿನಿಂದ ಇಳಿದ ನಾಲ್ಕು ಜನ ಟೀ ಕೇಳಿದರು. ಅವನು ಲೋಟ ತೊಳೆಯಲು ಆ ಕಡೆ ತಿರುಗಿದ. ಈ ಮಾತು ಕೇಳಬೇಕಾಗಿದ್ದದ್ದು ಅವನಲ್ಲ.