ನಡುಹೊಳೆಯ ನೀರು

ಪ್ರಯೋಗಾಲಯದಲ್ಲಿ ಅವಳಿಗೆ ಬಾಟ್ಲಿ ಅಕ್ಕ ಎಂದೇ ಹೆಸರು. ಹೊಳೆಯ ನೀರನ್ನು ಬಾಟ್ಲಿಯಲ್ಲಿ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ತಂದು, ಅದರಲ್ಲಿ ಏನೇನು ಬೆಳೆಯುತ್ತದೆಂದು ಗಾಜಿನ ತಟ್ಟೆಗಳಲ್ಲಿ ನೋಡುವುದು ಅವಳ ಕೆಲಸ. ಬೆಳೆಯುತ್ತಿದ್ದದ್ದೆಲ್ಲ ಮಲದ ಕ್ರಿಮಿ. ಪಾಪ ತೊಳೆಯುವ ತಾಯಿ ಎಂದು ಕೈಮುಗಿಯುವ ಊರೇ ತನ್ನ ಚರಂಡಿಯನ್ನೆಲ್ಲ ಆ ತಾಯಿಯ ಮಡಿಲಿಗೆ ಬಿಟ್ಟು, ಬೆಳಗಾದರೆ ಅಲ್ಲೇ ಮುಳುಗೇಳುತ್ತಿತ್ತು. ಇಂಥ ಭಕ್ತಿಗೆ ಏನೆನ್ನಬೇಕು? ಅವಳು ಏನೂ ಅನ್ನದೆ ತಟ್ಟೆ ತೊಳೆದಿಡುತ್ತಿದ್ದಳು.

ಅಂದದ್ದು ಒಬ್ಬರಿಗೇ, ತಾಯಿಯಿಲ್ಲದ ಅವಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ ದೊಡ್ಡಮ್ಮನಿಗೆ. ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ. ಹೆಬ್ಬೆರಳಿನ ಪಕ್ಕ ಒಂದು ಹುಣ್ಣು, ಏನು ಮಾಡಿದರೂ ಒಣಗದು. ಆದರೂ ಹೊಳೆಸ್ನಾನ ತಪ್ಪಿಸುವ ಜಾಯಮಾನವಲ್ಲ.

"ನೀನು ಮುಳುಗ್ತಿರೋದು ಹೊಳೇಲಲ್ಲ, ಮೋರೀಲಿ. ಆ ಕಾಲು ಹೋಗುತ್ತೆ, ನೋಡ್ತಿರು."

"ತಾಯಿ ಮಡಿಲು ಎಲ್ಲಾದ್ರೂ ಕೊಳಕಾಗುತ್ತೇನೇ?"

"ಮಕ್ಕಳು ನಮ್ಮಂಥವರಾದ್ರೆ ಆಗುತ್ತೆ."

ಗೋಗರೆದಳು, ಜಗಳವಾಡಿದಳು, ಕೊನೆಗೆ ಊಟ ಬಿಟ್ಟು ಕೂತಳು. ಆಗ ದೊಡ್ಡಮ್ಮ ಸೋತು, ಮುಖ ಊದಿಸಿಕೊಂಡು, ಬಚ್ಚಲಲ್ಲೇ ಸ್ನಾನ ಶುರುಮಾಡಿದಳು. ಹುಣ್ಣು ಒಣಗುತ್ತ ಬಂತು.

ಅಷ್ಟರಲ್ಲಿ ಪ್ರಯೋಗಾಲಯದ ಸಾಹೇಬರಿಗೆ ಮೇಲಿನಿಂದ ಫೋನು. ಪವಿತ್ರ ನದಿಯ ವರದಿಯೂ ಪವಿತ್ರವಾಗಿರಬೇಕಂತೆ! ಸಾಹೇಬರು ಸುಳ್ಳು ಬರೆಯುವ ಪೈಕಿಯಲ್ಲ, ಅದಕ್ಕಿಂತ ಜಾಣರು.

"ಸ್ನಾನದ ಮೆಟ್ಟಿಲ ಹತ್ರ ಬೇಡಮ್ಮಾ. ದೋಣೀಲಿ ನಡುಹೊಳೆಗೆ ಹೋಗಿ ತುಂಬ್ಕೊಂಡು ಬಾ."

"ಅಲ್ಲಿ ಸ್ನಾನ ಮಾಡೋದು ಮೀನು ಮಾತ್ರ ಸರ್."

"ಅದೂ ಇದೇ ನದಿ ತಾನೇ? ಹೋಗು."

ಹೋದಳು. ಹೊಟ್ಟೆಪಾಡು ಯಾರನ್ನು ಬಿಟ್ಟಿದೆ? ಸೆಳೆತ ಜೋರಾಗಿದ್ದ ಕಡೆ ನೀರು ಪರವಾಗಿಲ್ಲ ಅನ್ನುವಷ್ಟಿತ್ತು. ವರದಿಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಅವಳಿಗೆ ಉರಿದದ್ದು ಅದಕ್ಕೇ. ವಾರ ಕಳೆಯುವುದರೊಳಗೆ ಮೆಟ್ಟಿಲ ಮೇಲೆ ದೊಡ್ಡ ಬೋರ್ಡು ನಿಂತಿತು: ಈ ನೀರು ಸ್ನಾನಕ್ಕೆ ಯೋಗ್ಯ. ಮನೆಯಲ್ಲಿ ಆ ಸುದ್ದಿ ಎತ್ತಲು ಅವಳಿಗೆ ನಾಚಿಕೆಯಾಯಿತು. ಎತ್ತಬೇಕಿತ್ತು.

ಹೊಳೆ ಹಾದಿಯಲ್ಲಿ ಪೇಟೆಗೆ ಹೊರಟ ದೊಡ್ಡಮ್ಮ ಬೋರ್ಡು ಓದಿದಳು. ಸೊಸೈಟಿಯಲ್ಲಿ ಕ್ಯೂ ನಿಂತವರಿಗೆಲ್ಲ ಹೇಳಿಕೊಂಡು ಹಿಗ್ಗಿದಳು. ಮಗಳು ಕೆಲಸಕ್ಕೆ ಹೊರಟ ಮೇಲೆ ದಿನವೂ ಹೊಳೆಗೆ ಇಳಿದಳು. ಹುಣ್ಣು ಮತ್ತೆ ಬಾಯಿ ಬಿಟ್ಟಾಗ ಬೈಗುಳಕ್ಕೆ ಹೆದರಿ ಕಾಲುಚೀಲ ಹಾಕಿ ಮುಚ್ಚಿಟ್ಟಳು. ವಾಸನೆ ಬಂದು ಇವಳು ಕಾಲುಚೀಲ ಕಿತ್ತಾಗ ಪಾದ ಕಪ್ಪಾಗಿತ್ತು. ಆಸ್ಪತ್ರೆಯವರು ಮೊಣಕಾಲಿನ ಕೆಳಗೆ ಕಾಲು ಕತ್ತರಿಸಿ ತೆಗೆದರು.

ಎಚ್ಚರವಾದ ದೊಡ್ಡಮ್ಮ ಮೊದಲು ಸಮಾಧಾನ ಹೇಳಿದ್ದು ಇವಳಿಗೇ. "ಅಳಬೇಡ ಕಣೇ. ನಿಮ್ಮ ಆಫೀಸಿನವರೇ ಬರೆದಿದ್ರಲ್ಲ ಅಂತ ಇಳಿದೆ. ನನ್ನ ಮಗಳು ನೋಡಿದ ನೀರು ಅಂತ ಧೈರ್ಯ."

ಇನ್ನು ತಡೆಯಲಾಗಲಿಲ್ಲ. ಸಾಹೇಬರ ಮಾತು, ದೋಣಿ, ನಡುಹೊಳೆ, ಎಲ್ಲವನ್ನೂ ಬಿಕ್ಕುತ್ತಲೇ ಒದರಿಬಿಟ್ಟಳು. ದೊಡ್ಡಮ್ಮ ಉಗಿಯಲಿ, ಹೊಡೆಯಲಿ, ಮುಖ ನೋಡಬೇಡ ಅನ್ನಲಿ ಎಂದು ಕಾದಳು.

ದೊಡ್ಡಮ್ಮ ಕೈ ಚಾಚಿ ಇವಳ ಕಣ್ಣೊರೆಸಿದಳು.

"ಹಾಗಾದ್ರೆ ತಪ್ಪು ನಂದೇ ಬಿಡು," ಅಂದಳು. "ಇನ್ನೂ ಸ್ವಲ್ಪ ಒಳಕ್ಕೆ ಹೋಗಿ ಮುಳುಗಬೇಕಿತ್ತು."